ಪೀಲ್ ನದಿ ಸೀಮೆಯ ನೆಲ-ಬಳಕೆ ಯೋಜನೆಗೆ 15 ವರ್ಷ ಹಿಡಿದದ್ದು ಯಾಕೆ?

ಕೆನಡಾದ ವಾಯವ್ಯ ಮೂಲೆಯಲ್ಲಿ, ಅಲಾಸ್ಕಾದ ಪಕ್ಕಕ್ಕೆ ಯುಕಾನ್ ಇದೆ. ಅದರ ಈಶಾನ್ಯಕ್ಕೆ ಪೀಲ್ ನದಿ ಮತ್ತು ಅದರ ಉಪನದಿಗಳ ಸೀಮೆ. ವಿಂಡ್, ಸ್ನೇಕ್, ಹಾರ್ಟ್, ಬಾನೆಟ್ ಪ್ಲೂಮ್ ನದಿಗಳು ಹರಿಯುವ ಈ ಜಾಗ ಸುಮಾರು 68,000 ಚದರ ಕಿಲೋಮೀಟರ್ ಇದೆ. ಪಶ್ಚಿಮದ ಅಂಚಿನ ಡೆಂಪ್‌ಸ್ಟರ್ ಹೆದ್ದಾರಿ ಬಿಟ್ಟರೆ ಹೇಳಿಕೊಳ್ಳುವಂಥ ರಸ್ತೆ ಇಲ್ಲ. ಹಾಗಂತ ಇದು ಯಾರಿಗೂ ಬೇಡದ ನೆಲವಲ್ಲ. ನಾ-ಚೊ ನ್ಯಾಕ್ ಡನ್, ಟ್ರೊಂಡೆಕ್ ಹ್ವೆಚಿನ್, ವುಂಟುಟ್ ಗ್ವಿಚಿನ್, ತೆತ್ಲಿತ್ ಗ್ವಿಚಿನ್ ಎಂಬ ನಾಲ್ಕು ಮೂಲನಿವಾಸಿ ಸಮುದಾಯಗಳು ತಲೆತಲಾಂತರದಿಂದ ಇಲ್ಲಿ ಕ್ಯಾರಿಬೂ ಎಂಬ ಜಿಂಕೆಯನ್ನು ಬೇಟೆಯಾಡಿವೆ, ಮೀನು ಹಿಡಿದಿವೆ. ನೆಲದಡಿ ಕಬ್ಬಿಣದ ಅದಿರೂ ಇದೆ, ಯುರೇನಿಯಂ ಹುಡುಕಿಕೊಂಡು ಬಂದವರೂ ಇದ್ದಾರೆ. ಜಗಳದ ಬೇರು ಇಲ್ಲೇ.

ಯುಕಾನ್‌ನಲ್ಲಿ ಗಣಿಯವರಿಗೆ ಸಲಿಗೆ ಮೊದಲಿನಿಂದಲೂ ಜಾಸ್ತಿ. 1896ರಲ್ಲಿ ಕ್ಲಾಂಡೈಕ್‌ನಲ್ಲಿ ಚಿನ್ನ ಸಿಕ್ಕಿತು, ಜನ ಸಾವಿರಗಟ್ಟಲೆ ನುಗ್ಗಿದರು. ಹೋಗಿ ಗೂಟ ಹೊಡೆದು ನೋಂದಣಿ ಮಾಡಿಸಿದರೆ ಅಲ್ಲಿನ ಖನಿಜದ ಹಕ್ಕು ನಿಮ್ಮದು, ಇದು ಆ ಕಾಲದ ಪದ್ಧತಿ. ಅಲ್ಲಿ ಮೊದಲಿಂದ ಬದುಕಿದ್ದವರನ್ನು ಯಾರೂ ಕೇಳಲಿಲ್ಲ.

ಕೇಳುವಂತೆ ಮಾಡಿದ್ದು 1973. ಆ ವರ್ಷ ಎಲೈಜಾ ಸ್ಮಿತ್ ಮತ್ತಿತರ ಯುಕಾನ್ ಮುಖಂಡರು ಒಟ್ಟಾವಾಕ್ಕೆ ಹೋಗಿ, ತಮ್ಮ ನೆಲದ ಹಕ್ಕಿನ ಬೇಡಿಕೆಯನ್ನು ಪ್ರಧಾನಿ ಪಿಯರ್ ಟ್ರುಡೊ ಕೈಗೆ ಕೊಟ್ಟರು. ಮಾತುಕತೆ ಇಪ್ಪತ್ತು ವರ್ಷ ಎಳೆಯಿತು. 1993ರಲ್ಲಿ ಮೂಲ ಒಪ್ಪಂದಕ್ಕೆ ಸಹಿ ಬಿತ್ತು. ಅದರ ಚೌಕಟ್ಟಿನಲ್ಲಿ ಯುಕಾನ್‌ನ 14 ಮೂಲನಿವಾಸಿ ಸಮುದಾಯಗಳ ಪೈಕಿ 11 ತಮ್ಮ ತಮ್ಮ ಒಪ್ಪಂದ ಮಾಡಿಕೊಂಡವು.

ಈ ಒಪ್ಪಂದದಲ್ಲಿ ಯಾರು ಏನು ಕೊಟ್ಟರು ಅನ್ನುವುದು ಮುಖ್ಯ. ಮೂಲನಿವಾಸಿಗಳು ತಮ್ಮ ಹೆಸರಿನಲ್ಲಿ ಉಳಿಸಿಕೊಂಡದ್ದು ಯುಕಾನ್‌ನ ಹತ್ತನೇ ಒಂದಕ್ಕಿಂತ ಕಮ್ಮಿ ನೆಲ. ಉಳಿದದ್ದರ ಒಡೆತನ ಬಿಟ್ಟುಕೊಟ್ಟರು. ಅದಕ್ಕೆ ಬದಲಾಗಿ ಪಡೆದವುಗಳಲ್ಲಿ ಒಂದು, ಬಿಟ್ಟುಕೊಟ್ಟ ನೆಲದಲ್ಲಿ ಏನು ನಡೆಯಬೇಕು ಅನ್ನುವ ಮಾತಿನಲ್ಲಿ ಪಾಲು. ಒಪ್ಪಂದದ 11ನೇ ಅಧ್ಯಾಯ ಇದೇ: ಒಂದೊಂದು ಪ್ರದೇಶಕ್ಕೂ ಆಯೋಗ, ನೆಲ ಹೇಗೆ ಬಳಸಬೇಕು ಅನ್ನುವುದಕ್ಕೆ ಆಯೋಗದಿಂದ ಯೋಜನೆ, ಸರ್ಕಾರದ ಲಿಖಿತ ತಕರಾರು, ಆಯೋಗದ ಮರುಪರಿಶೀಲನೆ, ಕೊನೆಗೆ ಒಪ್ಪಿಗೆ. ಪೀಲ್ ಸೀಮೆಯಲ್ಲಿ ಸುಮಾರು 97% ಹೀಗೆ ಬಿಟ್ಟುಕೊಟ್ಟ ನೆಲವೇ. ಆಯೋಗದ ಮಾತಿಗೆ ಬೆಲೆ ಇಲ್ಲ ಅಂದರೆ ಅವರಿಗೆ ಉಳಿಯುವುದೇನು?

ಪೀಲ್ ಆಯೋಗ ಶುರುವಾದದ್ದು 2004ರಲ್ಲಿ. 2009ರ ಕೊನೆಗೆ ಮೊದಲ ಶಿಫಾರಸು ಬಂತು, ಬಹುಪಾಲು ಜಾಗ ಉಳಿಸಿ ಅಂತ. 2011ರ ಫೆಬ್ರವರಿಯಲ್ಲಿ ಯುಕಾನ್ ಸರ್ಕಾರ ಉತ್ತರ ಕೊಟ್ಟಿತು. ಯೋಜನೆ ಇನ್ನಷ್ಟು ಸಮತೋಲನದಲ್ಲಿರಲಿ, ಒಳಗೆ ಹೋಗಲು ದಾರಿಯ ಆಯ್ಕೆಗಳಿರಲಿ ಅನ್ನುವುದು ಅದರಲ್ಲಿದ್ದ ದೊಡ್ಡ ಮಾತು. ಎಲ್ಲಿ, ಎಷ್ಟು, ಯಾಕೆ? ವಿವರವಿಲ್ಲ. ಆಯೋಗ ಅದೇ ಜುಲೈನಲ್ಲಿ ಅಂತಿಮ ಶಿಫಾರಸು ಕೊಟ್ಟಿತು: 80% ರಕ್ಷಣೆ, ಅದರಲ್ಲಿ 55% ಶಾಶ್ವತ, 25% ಮುಂದೆ ಮತ್ತೆ ಪರಿಶೀಲಿಸಬಹುದಾದದ್ದು.

2014ರ ಜನವರಿಯಲ್ಲಿ ಸರ್ಕಾರ ಇದನ್ನು ಪಕ್ಕಕ್ಕಿಟ್ಟು ತನ್ನದೇ ಯೋಜನೆ ತಂದಿತು. ಅದರಲ್ಲಿ ಲೆಕ್ಕ ತಿರುಗುಮುರುಗು: 71% ಖನಿಜ ಹುಡುಕಾಟಕ್ಕೆ ಮುಕ್ತ, 29% ರಕ್ಷಣೆ. ಮಾತಾಡಬೇಕಾದಾಗ ಅರ್ಧಂಬರ್ಧ ಮಾತಾಡಿ, ಕೊನೆಯಲ್ಲಿ ಎಲ್ಲವನ್ನೂ ತಾನೇ ಬರೆದುಕೊಂಡರೆ ಆ ಆಯೋಗ ಸುಮ್ನೆ ಹೆಸರಿಗೆ ಅಂತಾಯಿತು, ಅಲ್ವಾ?

ಎರಡು ಸಮುದಾಯಗಳು ಮತ್ತು ಎರಡು ಪರಿಸರ ಸಂಘಟನೆಗಳು ಕೋರ್ಟಿಗೆ ಹೋದವು, ವುಂಟುಟ್ ಗ್ವಿಚಿನ್ ಆಮೇಲೆ ಸೇರಿಕೊಂಡಿತು. ಅವರ ವಕೀಲ ಥಾಮಸ್ ಬರ್ಜರ್. ಉತ್ತರದ ಜನರಿಗೆ ಈ ಹೆಸರು ಹೊಸದಲ್ಲ. 1970ರ ದಶಕದಲ್ಲಿ ಮೆಕೆಂಝಿ ಕಣಿವೆಯ ಗ್ಯಾಸ್ ಪೈಪ್‌ಲೈನ್ ಬಗ್ಗೆ ಹಳ್ಳಿಹಳ್ಳಿಗೆ ಹೋಗಿ ಜನರ ಮಾತು ಕೇಳಿದ ವಿಚಾರಣೆ ನಡೆಸಿದವರು ಇವರೇ.

2014ರ ಡಿಸೆಂಬರಿನಲ್ಲಿ ಯುಕಾನ್ ಕೋರ್ಟು ಸರ್ಕಾರದ ಯೋಜನೆಯನ್ನು ರದ್ದು ಮಾಡಿತು. ಮೇಲಿನ ಕೋರ್ಟೂ ಯೋಜನೆ ತಪ್ಪು ಅಂದಿತು, ಆದರೆ 2011ರ ಹಂತಕ್ಕೆ ಹಿಂದೆ ಹೋಗಿ ತಕರಾರನ್ನು ಹೊಸದಾಗಿ ಬರೆಯಲು ಬಿಟ್ಟಿತು. ಸೋತವರಿಗೆ ಇನ್ನೊಂದು ಇನಿಂಗ್ಸ್ ಕೊಟ್ಟ ಹಾಗೆ. ಮೂಲನಿವಾಸಿಗಳು ಸುಪ್ರೀಂ ಕೋರ್ಟಿಗೆ ಹೋದದ್ದು ಮುಖ್ಯವಾಗಿ ಇದಕ್ಕೇ. 2017ರ ಡಿಸೆಂಬರ್ 1ರಂದು ಅಲ್ಲಿ ಒಮ್ಮತದ ತೀರ್ಪು ಬಂತು. ಕೊನೆಯ ಹಂತದಲ್ಲಿ ಸರ್ಕಾರ ತಿದ್ದಬಹುದು, ಆದರೆ ಮೊದಲೇ ವಿವರವಾಗಿ ಹೇಳಿದ್ದನ್ನು, ಇಲ್ಲವೇ ಪರಿಸ್ಥಿತಿ ಬದಲಾಗಿದ್ದಕ್ಕೆ ತಕ್ಕಂತೆ, ಅದೂ ಸ್ವಲ್ಪ ಮಾತ್ರ. ವಿವರ ಕೊಡುವ ಅವಕಾಶ 2011ರಲ್ಲಿ ಇತ್ತು, ಸರ್ಕಾರವೇ ಅದನ್ನು ಕಳೆದುಕೊಂಡಿದೆ. ಮತ್ತೆ ಸಿಗುವುದಿಲ್ಲ.

2019ರ ಆಗಸ್ಟಿನಲ್ಲಿ ಮೇಯೊ ಎಂಬ ಊರಿನಲ್ಲಿ ಎಲ್ಲರೂ ಅಂತಿಮ ಯೋಜನೆಗೆ ಸಹಿ ಹಾಕಿದರು. ಒಟ್ಟು 83% ರಕ್ಷಣೆ. ಆದರೆ ಅದಕ್ಕೆ ಮೊದಲೇ ಗೂಟ ಹೊಡೆದಿದ್ದವರ ಹಕ್ಕು ರದ್ದಾಗಲಿಲ್ಲ. ತಾತ್ಕಾಲಿಕ ರಕ್ಷಣೆಯ ಭಾಗದ ಪ್ರಶ್ನೆ ಯೋಜನೆಯ ಪರಿಶೀಲನೆಯಲ್ಲಿ ಮತ್ತೆ ಏಳುತ್ತದೆ. 1993ರ ಒಪ್ಪಂದವಾಗಿ ಆ ಹೊತ್ತಿಗೆ 26 ವರ್ಷ ಆಗಿತ್ತು. ಅಷ್ಟರಲ್ಲಿ ಮುಗಿದಿದ್ದ ಪ್ರಾದೇಶಿಕ ಯೋಜನೆಗಳು ಎರಡೇ: 2009ರ ಉತ್ತರ ಯುಕಾನ್‌ನದು, ಮತ್ತೆ ಇದು.