ಶುರುವಾದ ಮಾತ್ರೆಯನ್ನು ನಿಲ್ಲಿಸುವವರು ಯಾರು?

ಆರೈಕೆ ಕೇಂದ್ರ ಸೇರುವ ಹಿರಿಯರು ಬಿಪಿ, ಸಕ್ಕರೆ ಕಾಯಿಲೆ, ಮಂಡಿನೋವು, ನಿದ್ರಾಹೀನತೆ ಎಂದು ಬೇರೆ ಬೇರೆ ವೈದ್ಯರು ಬರೆದುಕೊಟ್ಟ ಮಾತ್ರೆಗಳನ್ನು ಜೊತೆಗೇ ತಂದಿರುತ್ತಾರೆ. ಅಲ್ಲಿ ಆ ಪಟ್ಟಿ ಬೆಳೆಯುವುದೇ ಹೆಚ್ಚು, ಕರಗುವುದು ಅಪರೂಪ. ಮಾತ್ರೆ ಶುರು ಮಾಡಲು ಒಂದು ಕಾರಣವೂ ಒಬ್ಬ ವೈದ್ಯರೂ ಇರುತ್ತಾರೆ. ನಿಲ್ಲಿಸುವ ಹೊಣೆ ಮಾತ್ರ ಯಾರ ಪಾಲಿಗೂ ಬಂದಿರುವುದಿಲ್ಲ.

ಈ ಹೊಣೆಯನ್ನು ಯಾರಿಗಾದರೂ ವಹಿಸುವ ಪ್ರಯತ್ನ ಅಮೆರಿಕದಲ್ಲಿ 1974ರಷ್ಟು ಹಿಂದೆಯೇ ನಡೆಯಿತು. ಶುಶ್ರೂಷಾ ಕೇಂದ್ರಗಳಲ್ಲಿರುವ ಪ್ರತಿಯೊಬ್ಬರ ಔಷಧಿಗಳನ್ನು ಫಾರ್ಮಸಿಸ್ಟ್ ತಿಂಗಳಿಗೊಮ್ಮೆ ಪರಿಶೀಲಿಸಬೇಕೆಂಬ ನಿಯಮ ಆಗ ಬಂದಿತು. ಆದರೆ ಫಾರ್ಮಸಿಸ್ಟ್ ಸಲಹೆ ಕೊಡಬಹುದಿತ್ತೇ ವಿನಾ, ಔಷಧಿ ಬದಲಿಸುವ ಅಧಿಕಾರ ವೈದ್ಯರ ಕೈಯಲ್ಲೇ ಉಳಿಯಿತು. ಸಿಬ್ಬಂದಿಯ ಅನುಕೂಲಕ್ಕೋ ಶಿಸ್ತಿಗೋ ಔಷಧಿ ಕೊಟ್ಟು ವೃದ್ಧರನ್ನು ಮಂಕಾಗಿಸಬಾರದೆಂದು 1987ರ ಕಾನೂನು ಹೇಳಬೇಕಾಯಿತು. ಇಂಥದ್ದನ್ನು ಕಾನೂನಿನಲ್ಲಿ ಬರೆಯಬೇಕಾಗಿ ಬಂತೆಂಬುದೇ ಅಂದಿನ ಸ್ಥಿತಿಯ ಘೋರತೆಯನ್ನು ತಿಳಿಸುತ್ತದೆ.

ಯಾವ ಔಷಧಿ ಬೇಡ ಎಂಬುದಕ್ಕೆ ಸ್ಪಷ್ಟ ಪಟ್ಟಿ ಸಿಕ್ಕಿದ್ದು 1991ರಲ್ಲಿ, ವೃದ್ಧರೋಗ ತಜ್ಞ ಮಾರ್ಕ್ ಬಿಯರ್ಸ್ ಮತ್ತು ಸಂಗಡಿಗರಿಂದ. ಆ ಪಟ್ಟಿಯಲ್ಲಿದ್ದ, ಆತಂಕ ತಗ್ಗಿಸಲು ಕೊಡುವ ಡಯಾಜೆಪಾಮ್‌ನಂಥ ಮಾತ್ರೆ ಇಳಿವಯಸ್ಸಿನ ದೇಹದಲ್ಲಿ ಬಹುಕಾಲ ಉಳಿದು, ಹಗಲಲ್ಲೂ ಜೋಂಪು ಹಿಡಿಸಿ, ಬಿದ್ದು ಮೂಳೆ ಮುರಿಯುವ ಅಪಾಯವನ್ನು ಹೆಚ್ಚಿಸುತ್ತದೆ. ಆರೈಕೆ ಕೇಂದ್ರಗಳಿಗೆಂದೇ ಸಿದ್ಧವಾದ ಆ ಪಟ್ಟಿ 1997ರ ಪರಿಷ್ಕರಣೆಯಲ್ಲಿ ಎಲ್ಲ ಹಿರಿಯರಿಗೂ ವಿಸ್ತರಿಸಿತು, ಇಂದಿಗೂ ಪರಿಷ್ಕೃತವಾಗುತ್ತಿದೆ.

ಮಾತ್ರೆಗಳು ಹೆಚ್ಚುವ, ಈ ಪಟ್ಟಿಯ ಕಣ್ಣಿಗೆ ಬೀಳದ ಇನ್ನೊಂದು ದಾರಿಯನ್ನು ವೈದ್ಯ ಸಂಶೋಧಕರಾದ ಪೌಲಾ ರೋಶನ್ ಮತ್ತು ಜೆರ್ರಿ ಗುರ್ವಿಟ್ಜ್ 1997ರಲ್ಲಿ ವಿವರಿಸಿದರು: ಒಂದು ಔಷಧಿಯ ಅಡ್ಡಪರಿಣಾಮವನ್ನು ಹೊಸ ಕಾಯಿಲೆಯೆಂದು ತಿಳಿದು ಇನ್ನೊಂದನ್ನು ಬರೆಯುವುದು. ಉದಾಹರಣೆಗೆ, ಬಿಪಿಗೆ ಕೊಟ್ಟ ಅಮ್ಲೋಡಿಪಿನ್‌ನಿಂದ ಕಾಲು ಬಾತುಕೊಳ್ಳುತ್ತದೆ. ಅದಕ್ಕೆಂದು ಮೂತ್ರ ಹೆಚ್ಚಿಸುವ ಮಾತ್ರೆ ಸೇರುತ್ತದೆ. ಅಜ್ಜಿ ರಾತ್ರಿ ಪದೇ ಪದೇ ಎದ್ದು ಶೌಚಾಲಯಕ್ಕೆ ನಡೆಯಬೇಕಾಗುತ್ತದೆ, ನಿದ್ದೆ ಕೆಡುತ್ತದೆ. ಬಳಿಕ ನಿದ್ರೆಯ ಮಾತ್ರೆ. ಇವುಗಳಲ್ಲಿ ಒಂದೊಂದೂ ಬಿಡಿಯಾಗಿ ನೋಡಿದಾಗ ಸರಿಯೆಂದೇ ತೋರುತ್ತದೆ.

ಮರೆಗುಳಿ ಕಾಯಿಲೆ (ಡಿಮೆನ್ಷಿಯಾ) ಇರುವ ವೃದ್ಧರಲ್ಲಿ ಹೊಸ ಪೀಳಿಗೆಯ ಮನೋರೋಗ ಔಷಧಿಗಳು ಸಾವಿನ ಅಪಾಯವನ್ನು ಹೆಚ್ಚಿಸುತ್ತವೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲಿ ಎಚ್ಚರಿಸಿತು. 2008ರಲ್ಲಿ ಹಳೆಯ ಔಷಧಿಗಳನ್ನೂ ಸೇರಿಸಿತು. ಇಂಗ್ಲೆಂಡಿನ 55 ಆರೈಕೆ ಕೇಂದ್ರಗಳ 256 ನಿವಾಸಿಗಳ ಕುರಿತು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ತಲಾ ಸರಾಸರಿ ಎಂಟು ಔಷಧಿಗಳಿದ್ದವು. ಹತ್ತರಲ್ಲಿ ಏಳು ಮಂದಿಗೆ ಔಷಧಿ ಬರೆಯುವಲ್ಲೋ ಕೊಡುವಲ್ಲೋ ನಿಗಾ ಇಡುವಲ್ಲೋ ಒಂದಾದರೂ ತಪ್ಪಾಗಿತ್ತು.

ನಿಲ್ಲಿಸುವುದೂ ಅವಸರದ ಕೆಲಸವಲ್ಲ. ಬಹುಕಾಲ ತೆಗೆದುಕೊಂಡ ನಿದ್ರೆಯ ಮಾತ್ರೆಯನ್ನು ವೈದ್ಯರ ನಿಗಾದಲ್ಲಿ, ವಾರಗಟ್ಟಲೆ ಪ್ರಮಾಣ ತಗ್ಗಿಸುತ್ತಾ ಬಿಡಿಸಬೇಕು. ಆ ದಿನಗಳಲ್ಲಿ ಹಿರಿಯರ ನಿದ್ದೆ, ನಡಿಗೆ, ಊಟವನ್ನು ಕಣ್ಣಾರೆ ಕಾಣುವವರು ಆರೈಕೆ ಸಿಬ್ಬಂದಿ. ಅವರು ಕಂಡದ್ದು ಔಷಧಿ ಬರೆಯುವವರಿಗೆ ತಲುಪುವ ವ್ಯವಸ್ಥೆಯಿಲ್ಲದಿದ್ದರೆ ತಿಂಗಳ ಪರಿಶೀಲನೆ ಸಹಿಯಲ್ಲೇ ಮುಗಿಯುತ್ತದೆ.