ಮೊಣಕೈಗೆ ಸುತ್ತಿದ ವೈರು

ಬ್ಯಾಡಗಿ ಕಡೆಯ ಒಂದು ಊರಿನ ಜಾತ್ರೆ, ರಾತ್ರಿ ಹತ್ತೂವರೆಗೆ ನಮ್ಮ ರಸಮಂಜರಿ. ಹುಬ್ಬಳ್ಳಿಯಿಂದ ಟಂಟಂನಲ್ಲಿ ಕೀಬೋರ್ಡ್ ಬಂದದ್ದು ಮದುಮಗನ ಹಾಗೆ, ಎರಡು ಕಂಬಳಿ ಹೊದ್ದು. ವೈರುಗಳು? ಅವು ಗೋಣಿಚೀಲದಲ್ಲಿ, ಕಬ್ಬಿಣದ ಸ್ಟ್ಯಾಂಡುಗಳ ಅಡಿಯಲ್ಲಿ. ಎರಡನೇ ಹಾಡಿನ ಚರಣಕ್ಕೆ ಕೀಬೋರ್ಡ್ ಮೂಕಾಯಿತು. "ಅಣ್ಣಾ, ಸೌಂಡ್ ಬರವಲ್ದು" ಅಂತ ಮಿಕ್ಸರ್ ಹುಡುಗ ಕೈ ಮಾಡಿದ. ವೈರಿನ ತುದಿಯಲ್ಲಿ ಕೀಬೋರ್ಡಿಗೆ ಚುಚ್ಚುವ ಜಾಕಿನ ಬುಡ ಅಲುಗಾಡಿಸಿದರೆ ಕರ್ ಕರ್ ಅಂತ ಬರುತ್ತೆ, ಬಿಟ್ಟರೆ ಹೋಗುತ್ತೆ. ಕೊನೆಗೆ ಮುರಿದ ಕಾಲಿಗೆ ದಬ್ಬೆ ಕಟ್ಟಿದ ಹಾಗೆ ಬೆಂಕಿಪೊಟ್ಟಣ ಒತ್ತಿಟ್ಟು, ಟೇಪ್ ಸುತ್ತಿ ಹೇಗೋ ಮುಗಿಸಿದೆವು.

ಮರುದಿನ ಆ ವೈರನ್ನು ಕೊಯ್ದು ನೋಡಿದೆ. ರಬ್ಬರ್ ಚೆನ್ನಾಗೇ ಇತ್ತು, ಒಳಗಿನ ತಾಮ್ರದ ಎಳೆಗಳು ಮಾತ್ರ ಜಾಕಿನ ಬುಡದಲ್ಲೇ ತುಂಡಾಗಿದ್ದವು.

ಸೆಂಟ್ರಿಂಗ್ ಕೆಲಸದವರನ್ನು ನೋಡಿದ್ದೀರಲ್ವಾ, ಬೈಂಡಿಂಗ್ ವೈರ್ ಕತ್ತರಿಸಲು ಕಟ್ಟರ್ ಸಿಗದಿದ್ದರೆ ಅಲ್ಲೇ ಹಿಂದೆ ಮುಂದೆ ಮಣಿಸಿ ಪಟಕ್ಕನೆ ಮುರಿಯುತ್ತಾರೆ. ತಾಮ್ರಕ್ಕೂ ಆಗುವುದು ಅದೇ. ಮೊದಲು ಮೆತ್ತಗಿರುತ್ತೆ, ಮಣಿಸಿದಷ್ಟೂ ಅದರ ಹರಳುಗಳ ಒಳಗಿನ ಸಣ್ಣ ಸಣ್ಣ ತಪ್ಪು ಜೋಡಣೆಗಳು ಒಂದಕ್ಕೊಂದು ಸಿಕ್ಕಿಹಾಕಿಕೊಂಡು ಲೋಹ ಗಡುಸಾಗುತ್ತೆ, ಗಡುಸಾದದ್ದು ಬಿರುಕು ಬಿಡುತ್ತೆ. ಎಷ್ಟು ಬಿಗಿಯಾಗಿ ಮಣಿಸುತ್ತೀರಿ ಅನ್ನುವುದೂ ಮುಖ್ಯ. ಒಂದು ಎಳೆ 0.1 ಮಿ.ಮೀ. ದಪ್ಪ ಅಂತಿಟ್ಟುಕೊಳ್ಳಿ. 5 ಸೆಂ.ಮೀ. ತ್ರಿಜ್ಯದಲ್ಲಿ ಬಗ್ಗಿಸಿದರೆ ಅದರ ಹೊರಮೈ ಶೇ. 0.1ರಷ್ಟು ಹಿಗ್ಗುತ್ತೆ, 5 ಮಿ.ಮೀ.ಗೆ ಮಡಚಿದರೆ ಶೇ. 1ರಷ್ಟು, ಅಂದರೆ ಹತ್ತು ಪಟ್ಟು. ಗಟ್ಟಿ ಜಾಕು ಮುಗಿದು ಮೆತ್ತನೆ ವೈರು ಶುರುವಾಗುವ ಜಾಗದಲ್ಲಿ ಇಡೀ ಬಾಗು ಬಂದು ಕೂರುತ್ತೆ. ಜಾಕಿನ ಬಾಲಕ್ಕೆ ಸ್ಪ್ರಿಂಗೋ ರಬ್ಬರೋ ಇಡುವುದು ಅಂದಕ್ಕಲ್ಲ, ಆ ಬಾಗನ್ನು ಉದ್ದಕ್ಕೆ ಹಂಚಲಿಕ್ಕೆ.

ಇನ್ನು ಸುತ್ತುವ ವಿಷಯ. ಕಾರ್ಯಕ್ರಮ ಮುಗಿದ ಮೇಲೆ ಎಲ್ಲರೂ ಅಂಗೈ-ಮೊಣಕೈಗೆ ಸರಸರ ಸುತ್ತುತ್ತಾರೆ, ನಾನೂ ಹತ್ತು ವರ್ಷ ಹಾಗೇ ಸುತ್ತಿದವನು. ಕೈ ನಿಂತಲ್ಲೇ ನಿಂತಿರುತ್ತೆ, ವೈರು ಅದರ ಸುತ್ತ ತಿರುಗುತ್ತೆ. ಬಿಚ್ಚಲು ತುದಿ ಹಿಡಿದು ಎಳೆದಾಗ ಪ್ರತಿ ಸುತ್ತಿಗೂ ಒಂದು ಪೂರ್ತಿ ಹುರಿ ಬಿದ್ದಿರುತ್ತೆ. ಹಗ್ಗ ಹೊಸೆಯುವವರು ಬೇಕಂತಲೇ ಮಾಡುವ ಕೆಲಸವನ್ನು ನಾವು ಸುಮ್ನೆ ಮಾಡುತ್ತೇವೆ! ಇಪ್ಪತ್ತು ಸುತ್ತಿಗೆ ಇಪ್ಪತ್ತು ಹುರಿ, ಮೇಲೆ ಗಂಟು, ಒಳಗೆ ಎಳೆಗಳ ಜಗ್ಗಾಟ. ಇದಕ್ಕೆ ಸ್ಟೇಜಿನವರ ಮದ್ದು ಓವರ್-ಅಂಡರ್. ಒಂದು ಸುತ್ತನ್ನು ಎಂದಿನಂತೆ ಹಾಕಿ, ಮುಂದಿನದನ್ನು ಮಣಿಕಟ್ಟು ತಿರುಗಿಸಿ ಉಲ್ಟಾ ಹಾಕಬೇಕು. ಒಂದು ಹುರಿ ಬಲಕ್ಕೆ, ಒಂದು ಎಡಕ್ಕೆ, ಕೂಡಿಸಿದರೆ ಸೊನ್ನೆ. ತುದಿ ಹಿಡಿದು ಎಸೆದರೆ ಹಾವಿನ ಹಾಗೆ ನೆಟ್ಟಗೆ ಹೋಗುತ್ತೆ. ಆದರೆ ತುದಿ ಸುತ್ತಿನ ನಡುವೆ ನುಸುಳಿತೋ, ಎಳೆದಾಗ ಸಾಲಾಗಿ ಗಂಟು. ಅದಕ್ಕೇ ಕೊನೆಗೊಂದು ಪಟ್ಟಿ ಕಟ್ಟುವುದು.

ಒಳಗಿನ ಎಳೆಯ ಸುತ್ತ ಹೆಣೆದ ತಾಮ್ರದ ಜಾಲರಿ ಹರಿದರೂ ಸದ್ದು ಪೂರ್ತಿ ನಿಲ್ಲದೇ ಇರಬಹುದು, ಆದರೆ ಸುತ್ತಲಿನ ಕರೆಂಟಿನ ಗುಂಯ್ ಅನ್ನುವ ನಾದ ನುಗ್ಗುತ್ತೆ. ನಮ್ಮ ಕರೆಂಟು 50 ಹರ್ಟ್ಸ್‌ನದು, ಅಂದರೆ ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ತೀರಾ ಮಂದ್ರದ ಬಿಳಿ ಐದಕ್ಕಿಂತ ತುಸು ಮೇಲೆ. ಕರಿ ಒಂದರಲ್ಲಿ ಹಾಡುವವರಿಗೆ ಸಂಗೀತ ಬಲ್ಲ ಧಾರವಾಡದ ಕಿವಿಗಳ ಎದುರು ಆ ಶ್ರುತಿ ಎಂಥ ಶಿಕ್ಷೆ, ನೀವೇ ಯೋಚಿಸಿ.

ಇನ್ನು ಕೀಬೋರ್ಡಿಗೆ ಕಂಬಳಿ ಸಾಕಾಗುವುದಿಲ್ಲವೇ ಅಂತ ಕೇಳುತ್ತಾರೆ. ಪೆಟ್ಟಿನ ಜೋರು ನಿಂತಿರುವುದು ಬಿದ್ದ ವಸ್ತು ಎಷ್ಟು ದೂರದಲ್ಲಿ ನಿಂತಿತು ಅನ್ನುವುದರ ಮೇಲೆ. ಅರ್ಧ ಮೀಟರ್ ಎತ್ತರದಿಂದ ಬಿದ್ದು 1 ಮಿ.ಮೀ.ನಲ್ಲಿ ನಿಂತರೆ ಅದರ ತೂಕದ ಸುಮಾರು 500 ಪಟ್ಟು ಬಲ ಬೀಳುತ್ತೆ. 25 ಮಿ.ಮೀ. ಅಮುಕುವ ಫೋಮ್ ಇದ್ದರೆ ಸುಮಾರು 20 ಪಟ್ಟು. ಹಾಗಂತ ತೀರಾ ಮೆತ್ತನೆಯದೂ ಬೇಡ, ಅದು ತಕ್ಷಣ ತಳ ಮುಟ್ಟಿ ಇಲ್ಲದಂತೆಯೇ ಆಗುತ್ತೆ. ಬೆರಳಿಂದ ಒತ್ತಿದರೆ ತುಸು ಹಟ ಮಾಡಬೇಕು.

ಏಸಿ ಕಾರಿನಲ್ಲಿ ತಂದರೆ ಬೇರೆ ತೊಂದರೆ. ಕಾರಿನೊಳಗೆ 18 ಡಿಗ್ರಿ ತಂಪಾದ ಕೀಬೋರ್ಡು, ಹೊರಗೆ ಜನ ತುಂಬಿದ ಕಲ್ಯಾಣ ಮಂಟಪ. ಗಾಳಿ 25 ಡಿಗ್ರಿ, ತೇವ ಶೇ. 70 ಇದ್ದರೆ ಸುಮಾರು 19 ಡಿಗ್ರಿಗೇ ಇಬ್ಬನಿ ಕಟ್ಟುತ್ತೆ. ತಣ್ಣನೆ ಲಸ್ಸಿ ಗ್ಲಾಸಿನ ಹೊರಗೆ ನೀರು ಮೂಡುವ ಹಾಗೆ ಸರ್ಕ್ಯೂಟಿನ ಮೇಲೂ ಮೂಡುತ್ತೆ. ಪೆಟ್ಟಿಗೆ ಮುಚ್ಚಿಟ್ಟೇ ಒಂದು ಗಂಟೆ ಬಿಡಿ, ಅಷ್ಟರಲ್ಲಿ ಚಹಾ ಕುಡಿದು ಬನ್ನಿ.

ಎರೆಮಣ್ಣಿನ ಧೂಳು ವಾಲ್ಯೂಮ್ ಗುಂಡಿಯ ಇಂಗಾಲದ ಪಟ್ಟಿಗೆ ಕೂತು ಕರಕರ ಅನ್ನಿಸುತ್ತೆ, ಪ್ರಯಾಣದಲ್ಲಿ ಒಂದು ಹಳೇ ಬೆಡ್‌ಶೀಟ್ ಹೊದಿಸಿದರೂ ಆಯಿತು.

ಈಗಲೂ ರಾತ್ರಿ ಎರಡಕ್ಕೆ ಟಂಟಂನವ "ಲಗೂ ಮಾಡ್ರಿ ಸರ್" ಅಂತ ಹಾರ್ನ್ ಹೊಡೆಯುತ್ತಾನೆ, ಹೊಸ ಹುಡುಗ ಮೊಣಕೈ ಎತ್ತುತ್ತಾನೆ, ನಾನು ಓಡಿಹೋಗಿ ಕಸಿದುಕೊಳ್ಳುತ್ತೇನೆ. ಬ್ಯಾಡಗಿಯಲ್ಲಿ ಕೈಕೊಟ್ಟ ವೈರನ್ನು ಬಿಸಾಕಲಿಲ್ಲ. ಸತ್ತಿದ್ದು ತುದಿಯ ನಾಲ್ಕು ಬೆರಳಷ್ಟೇ. ಅಷ್ಟು ಕತ್ತರಿಸಿ ಅದೇ ಜಾಕನ್ನು ಬೆಸುಗೆ ಹಾಕಿದೆ. ಸ್ವಲ್ಪ ಗಿಡ್ಡಾಗಿದೆ, ಕೀಬೋರ್ಡನ್ನು ಮಿಕ್ಸರ್ ಕಡೆ ನಾಲ್ಕು ಬೆರಳು ಸರಿಸಿ ಇಡುತ್ತೇನೆ.