ಅಕ್ಷರ ಎಲ್ಲ ಗೊತ್ತು, ಕೂಡಿಸಿ ಓದೋಕೆ ಬರಲ್ಲ

ಇಂಗ್ಲಿಷ್ ಓದು ಕಲಿಸಲು ಹೊರಟ ಅಪ್ಪ ಅಮ್ಮಂದಿರಿಂದ ನಾನು ಅತಿ ಹೆಚ್ಚು ಕೇಳುವ ಮಾತು ಇದು: ‘ಎಲ್ಲ ಅಕ್ಷರದ ಸದ್ದೂ ಪಟಪಟ ಅಂತ ಹೇಳುತ್ತಾಳೆ. ಆದರೆ ಮೂರಕ್ಷರದ ಪದ ಮುಂದಿಟ್ಟರೆ ಓದೋಕೆ ಆಗಲ್ಲ ಮೇಡಂ.’ ಆಗ ನಾನು ಮಗುವನ್ನು ಬಿಟ್ಟು ಮೊದಲು ದೊಡ್ಡವರಿಂದಲೇ ಆ ಸದ್ದುಗಳನ್ನು ಹೇಳಿಸುತ್ತೇನೆ. ತೊಡಕು ಹೆಚ್ಚಾಗಿ ಅಲ್ಲೇ ಸಿಗುತ್ತದೆ.

ಬಿ ಅಕ್ಷರದ ಸದ್ದೇನು ಅಂದರೆ ನಮ್ಮಲ್ಲಿ ಬಹುತೇಕರು ‘ಬ’ ಅನ್ನುತ್ತಾರೆ. ಎಸ್ ಅಂದರೆ ‘ಸ’, ಟಿ ಅಂದರೆ ‘ಟ’. ಕನ್ನಡದಲ್ಲಿ ಅಕ್ಷರ ಕಲಿತ ಬಾಯಿಗೆ ಇದು ಸಹಜ. ನಮ್ಮ ವ್ಯಂಜನವನ್ನು ಓದಿ ಹೇಳಿದಾಗ ಅದರ ಜೊತೆ ಒಂದು ‘ಅ’ ಬಂದೇ ಬರುತ್ತದೆ. ಅಕ್ಷರದ ಸದ್ದುಗಳನ್ನು ಕೂಡಿಸಿ ಓದು ಕಲಿಸುವ ಫೋನಿಕ್ಸ್ ಕ್ರಮಕ್ಕೆ ಬೇಕಿರುವುದು ಆ ‘ಅ’ ಇಲ್ಲದ ಅರ್ಧಾಕ್ಷರ: ಬ್, ಸ್, ಟ್. ಮಗು ‘ಬ, ಆ್ಯ, ಟ’ ಎಂದು ಎಷ್ಟು ಸಲ ಕೂಡಿಸಿದರೂ ‘ಬ್ಯಾಟ್’ ಬರುವುದಿಲ್ಲ. ನಾವು ಕೊಟ್ಟ ಸದ್ದನ್ನೇ ಅದು ಪ್ರಾಮಾಣಿಕವಾಗಿ ಕೂಡಿಸುತ್ತಿದೆ. ಅದಕ್ಕೆ ಬೈಸಿಕೊಳ್ಳುವುದು ಮಾತ್ರ ಮಗು.

ಹಾಗಾಗಿ ಮೊದಲ ಅಭ್ಯಾಸ ದೊಡ್ಡವರಿಗೆ. ಎಸ್ ಅಂದರೆ ‘ಸ್ಸ್ಸ್’, ಎಮ್ ಅಂದರೆ ‘ಮ್ಮ್ಮ್’. ಎಫ್, ಎಲ್, ಎನ್, ಆರ್, ವಿ, ಝಡ್ ಕೂಡ ಉಸಿರಿರುವ ತನಕ ಎಳೆಯಬಹುದಾದ ಸದ್ದುಗಳು. ಪಿ, ಟಿ, ಕೆ ಎಳೆಯಲು ಬರುವುದಿಲ್ಲ. ತುಟಿ ಅಥವಾ ನಾಲಿಗೆಯಲ್ಲಿ ಗಾಳಿ ತಡೆದು ಪಟ್ಟನೆ ಬಿಡಬೇಕು, ಪಿಸುಗುಟ್ಟಿದ ಹಾಗೆ. ಗಂಟಲ ಮೇಲೆ ಬೆರಳಿಟ್ಟು ನೋಡಿ. ‘ಪ’ ಅಂದರೆ ಬೆರಳಿಗೆ ನಡುಕ ಸಿಗುತ್ತದೆ, ಬರೀ ‘ಪ್’ ಅಂದರೆ ಸಿಗುವುದಿಲ್ಲ. ಬಿ, ಡಿ, ಜಿಗೆ ಈ ಪರೀಕ್ಷೆ ನಡೆಯುವುದಿಲ್ಲ, ಅಲ್ಲಿ ಗಂಟಲು ನಡುಗಲೇಬೇಕು. ಬಾಲದಲ್ಲಿ ‘ಅ’ ಉಳಿಯದ ಹಾಗೆ ಆದಷ್ಟು ಮೊಟಕಾಗಿ ಹೇಳಿದರೆ ಸಾಕು.

ಇನ್ನೊಂದು ಅಭ್ಯಾಸ ನಮಗಿದೆ. ಬಸ್ಸು, ಪೆನ್ನು, ಕಪ್ಪು ಅಂತ ಕೊನೆಗೆ ‘ಉ’ ಸೇರಿಸುತ್ತೇವೆ. ಮಾತಿನಲ್ಲಿ ಅದಕ್ಕೆ ಯಾವ ಅಡ್ಡಿಯೂ ಇಲ್ಲ, ಅದು ಕನ್ನಡದ ಜಾಯಮಾನ. ಆದರೆ ಮಗು ಮೂರು ಸದ್ದು ಕೂಡಿಸಿ ‘ಬಸ್’ ಅಂದಾಗ, ಇದು ತನಗೆ ಗೊತ್ತಿರುವ ‘ಬಸ್ಸು’ ಅಂತ ಹೊಳೆಯಲು ಸ್ವಲ್ಪ ಹೊತ್ತು ಬೇಕು. ಆ ಹೊತ್ತು ಕೊಡಿ. ಹಾಗೆಯೇ ವಿ ಮತ್ತು ಡಬ್ಲ್ಯು ಎರಡೂ ನಮಗೆ ‘ವ’. ವಿಗೆ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು, ಡಬ್ಲ್ಯುಗೆ ತುಟಿ ದುಂಡಗಾಗಬೇಕು. ಕನ್ನಡಿ ಮುಂದೆ ಕೂತು ಮಾಡಿದರೆ ಮಕ್ಕಳಿಗೆ ಖುಷಿ ಜಾಸ್ತಿ.

ಸದ್ದು ಸರಿಯಾದ ಮೇಲೆ ಎ ಬಿ ಸಿ ಡಿ ಕ್ರಮ ಮರೆತುಬಿಡಿ. ಇಂಗ್ಲೆಂಡಿನ ಸರ್ಕಾರ 2007ರಲ್ಲಿ ಶಾಲೆಗಳಿಗೆ ಕೊಟ್ಟ ಫೋನಿಕ್ಸ್ ಪಾಠಗಳು ಎಸ್, ಎ, ಟಿ, ಪಿ ಇಂದ ಶುರುವಾಗುತ್ತವೆ. ಅದರ ಹಿಂದೆಯೇ ಐ, ಎನ್ ಬರುತ್ತವೆ. ಕಾರಣ ಸರಳ. ಈ ಆರೇ ಅಕ್ಷರದಲ್ಲಿ ಸ್ಯಾಟ್, ಸಿಟ್, ಪಿನ್, ಪ್ಯಾನ್, ಟ್ಯಾಪ್, ಟಿನ್, ನ್ಯಾಪ್ ಅಂತ ಇಪ್ಪತ್ತಕ್ಕೂ ಹೆಚ್ಚು ಪದ ಆಗುತ್ತವೆ. ಇಪ್ಪತ್ತಾರೂ ಅಕ್ಷರ ಮುಗಿಯಲಿ ಅಂತ ಕಾಯದೆ, ಮಗು ಮೊದಲ ವಾರಗಳಲ್ಲೇ ‘ನಾನು ಓದಿದೆ’ ಅನ್ನಬಹುದು. ಅಕ್ಷರದ ಹೆಸರು ಆಮೇಲೆ ಕಲಿತರೂ ನಷ್ಟವಿಲ್ಲ.

ಕೂಡಿಸುವುದನ್ನು ನಾನು ಎಳೆಯಬಹುದಾದ ಸದ್ದುಗಳಿಂದಲೇ ಶುರು ಮಾಡಿಸುತ್ತೇನೆ. ಮ್ಯಾನ್, ಫ್ಯಾನ್, ಸನ್. ‘ಸ್... ಅ... ನ್’ ಅಂತ ತುಂಡು ತುಂಡಾಗಿ ಹೇಳಿ ನಿಂತರೆ, ಕೊನೆಗೆ ಬರುವಷ್ಟರಲ್ಲಿ ಮೊದಲನೆಯದು ಮರೆತಿರುತ್ತದೆ. ನಡುವೆ ಉಸಿರು ಕಡಿಯದೆ ‘ಸ್ಸ್ಸ್ಅಅಅನ್ನ್ನ್’ ಅಂತ ಎಳೆಯಿರಿ, ಜೊತೆಗೆ ಬೆರಳು ಅಕ್ಷರಗಳ ಕೆಳಗೆ ಸರಿಯಲಿ. ಆಮೇಲೆ ಅದನ್ನೇ ಬೇಗ ಹೇಳಿಸಿ. ಅಕ್ಷರ ಇಲ್ಲದೆ ಬರೀ ಕಿವಿಯಲ್ಲೂ ಇದನ್ನು ಆಡಬಹುದು. ನೀವು ಸದ್ದು ಬಿಡಿಸಿ ಹೇಳಿ, ಮಗು ಪದ ಹೇಳಲಿ. ತಿರುಗಿಸಿಯೂ ಆಡಿ. ಪದದಲ್ಲಿ ಎಷ್ಟು ಸದ್ದಿದೆಯೋ ಅಷ್ಟು ಚೌಕ ಬರೆದು, ಒಂದೊಂದು ಸದ್ದಿಗೆ ಒಂದೊಂದು ಗುಂಡಿ ಇಡಿಸುವ ಕ್ರಮ ರಷ್ಯಾದ ಮನಶ್ಶಾಸ್ತ್ರಜ್ಞ ಎಲ್ಕೋನಿನ್ ಅವರದ್ದು. ‘ಶಿಪ್’ ಪದಕ್ಕೆ ಅಕ್ಷರ ನಾಲ್ಕು, ಚೌಕ ಮೂರೇ. ಇಂಗ್ಲಿಷಿನಲ್ಲಿ 26 ಅಕ್ಷರಕ್ಕೆ ಸುಮಾರು 44 ಸದ್ದುಗಳಿವೆ, ಹಾಗಾಗಿ ಎರಡು ಅಕ್ಷರ ಸೇರಿ ಒಂದು ಸದ್ದಾಗುವುದು ಮುಂದೆ ಬೇಕಾದಷ್ಟು ಬರುತ್ತದೆ.

ಚಿತ್ರ ನೋಡಿ ಊಹಿಸುವುದನ್ನು ಮಾತ್ರ ದಯವಿಟ್ಟು ಓದು ಅಂದುಕೊಳ್ಳಬೇಡಿ. ‘ಪಪ್’ ಅಂತ ಬರೆದಿದ್ದರೆ ನಾಯಿಮರಿಯ ಚಿತ್ರ ನೋಡಿ ‘ಡಾಗ್’ ಅನ್ನುವ ಮಗು ಜಾಣ ಮಗುವೇ, ಆದರೆ ಅದು ಓದುತ್ತಿಲ್ಲ. ಚಿತ್ರವನ್ನು ಕೈಯಿಂದ ಮುಚ್ಚಿ ಮೊದಲ ಸದ್ದಿಗೆ ಬೆರಳು ಇಡಿಸಿ. ಇಂಗ್ಲೆಂಡಿನಲ್ಲಿ 2012ರಿಂದ ಒಂದನೇ ತರಗತಿ ಮಕ್ಕಳಿಗೆ ನಡೆಯುವ ಫೋನಿಕ್ಸ್ ಪರೀಕ್ಷೆಯಲ್ಲಿ 40 ಪದ ಇರುತ್ತವೆ. ಅದರಲ್ಲಿ ಅರ್ಧ ಅರ್ಥವೇ ಇಲ್ಲದವು, ಬಾಯಿಪಾಠದ ಬಲ ಅಲ್ಲಿ ನಡೆಯಬಾರದು ಅಂತ. ಮನೆಯಲ್ಲೂ ‘ಮಿಪ್’, ‘ಫಿಮ್’ ತರಹದ ಪುಟಾಣಿ ಪದ ಕಟ್ಟಿ ಓದಿಸಿ ನೋಡಿ. ಇನ್ನು ‘ಸೆಡ್’, ‘ವಾಸ್’ ತರಹ ಕಟ್ಟುನಿಟ್ಟಿಗೆ ಸಿಗದ ಪದಗಳೂ ಇವೆ. ಅವನ್ನೂ ಇಡಿಯಾಗಿ ಉರು ಹೊಡೆಸಬೇಕಿಲ್ಲ. ‘ಸೆಡ್’ ಪದದ ಮೊದಲ, ಕೊನೆಯ ಅಕ್ಷರಗಳು ಹೇಳಿದ ಮಾತು ಕೇಳುತ್ತವೆ. ನಡುವಿನ ಎ-ಐ ಒಂದನ್ನೇ ನೆನಪಿಟ್ಟರೆ ಸಾಕು, ಅಲ್ವಾ?

ದಿನಕ್ಕೆ ಹತ್ತು ನಿಮಿಷ ಸಾಕು. ಸುಸ್ತಾದ ಮಗುವನ್ನು ಸುಮ್ನೆ ಕೂರಿಸಿಕೊಂಡು ಎಳೆದಾಡಬೇಡಿ. ಉಳಿದ ಹೊತ್ತು ಕಥೆ ಓದಿ ಹೇಳಿ, ಕನ್ನಡದಲ್ಲೇ ಹೇಳಿ. 1986ರಲ್ಲಿ ಗಫ್ ಮತ್ತು ಟನ್ಮರ್ ಎಂಬ ಸಂಶೋಧಕರು ಓದನ್ನು ಒಂದು ಗುಣಾಕಾರವಾಗಿ ತೋರಿಸಿದರು: ಅಕ್ಷರ ಬಿಡಿಸುವ ಶಕ್ತಿ ಒಂದು ಕಡೆ, ಮಾತು ಅರ್ಥವಾಗುವ ಶಕ್ತಿ ಇನ್ನೊಂದು ಕಡೆ. ಯಾವುದು ಸೊನ್ನೆಯಾದರೂ ಉತ್ತರ ಸೊನ್ನೆಯೇ. ಫೋನಿಕ್ಸ್ ಕೊಡುವುದು ಮೊದಲನೆಯದನ್ನು ಮಾತ್ರ.

ಬಿ ಮತ್ತು ಡಿ ತಿರುವುಮುರುವು ಮಾಡಿದರೆ ಗಾಬರಿ ಬೇಡ, ಏಳು ವರ್ಷದ ತನಕ ಅದು ಸಾಮಾನ್ಯ. ಆದರೆ ಸದ್ದು ಸರಿಯಾಗಿ ಹೇಳಿಕೊಟ್ಟು, ತಿಂಗಳುಗಟ್ಟಲೆ ಬಿಡದೆ ಮಾಡಿಸಿದರೂ ಮೂರು ಸದ್ದು ಕೂಡದಿದ್ದರೆ ಮೊದಲು ಕಿವಿ ತೋರಿಸಿ. ಪದೇ ಪದೇ ಶೀತ ಆಗುವ ಮಕ್ಕಳಲ್ಲಿ ಕಿವಿಯೊಳಗೆ ನೀರು ನಿಂತು ಸದ್ದು ಮಬ್ಬಾಗಿ ಕೇಳಿಸಬಹುದು. ಕಿವಿ ಚೆನ್ನಾಗಿದ್ದು, ಮನೆಯಲ್ಲಿ ಹಿರಿಯರಿಗೂ ಓದು ಕಷ್ಟವಾಗಿದ್ದರೆ ಡಿಸ್ಲೆಕ್ಸಿಯಾ, ಅಂದರೆ ಓದು ಕಲಿಯುವುದರಲ್ಲೇ ಇರುವ ತೊಡಕಿನ ತಪಾಸಣೆಗೆ ತಡ ಮಾಡಬೇಡಿ. ಅದಕ್ಕೂ ಮಗುವಿನ ಬುದ್ಧಿಗೂ ಸಂಬಂಧವಿಲ್ಲ. ಆ ಮಕ್ಕಳಿಗೂ ಕಲಿಸುವುದು ಇದೇ ದಾರಿಯಲ್ಲಿ, ಇನ್ನಷ್ಟು ನಿಧಾನವಾಗಿ, ಇನ್ನಷ್ಟು ಸಲ.